ಕಾರಿಗೆ ಮೆರವಣಿಗೆ, ಲಾರಿಗೆ ಗುಜರಿ

ಹಳೆಯ ಕಾರುಗಳ ರ‍್ಯಾಲಿಯನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಒಂದು ಭಾನುವಾರ ಬೆಳಿಗ್ಗೆ ನಮ್ಮ ಅಜ್ಜಂದಿರ ಕಾಲದ ಆಸ್ಟಿನ್, ಮಾರಿಸ್, ಬ್ಯೂಕ್ ಕಾರುಗಳು ಮೈ ತೊಳೆದುಕೊಂಡು, ಹಿತ್ತಾಳೆಯ ದೀಪಗಳನ್ನು ಉಜ್ಜಿಸಿಕೊಂಡು ಸಾಲಾಗಿ ಹೊರಡುತ್ತವೆ. ಗಣ್ಯರೊಬ್ಬರು ಬಾವುಟ ಬೀಸುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಮರುದಿನ ಪತ್ರಿಕೆಗಳಲ್ಲಿ ಬಣ್ಣದ ಚಿತ್ರ ಬರುತ್ತದೆ. ಈ ಕಾರು ಇಂಥ ಮಹಾರಾಜರದು, ಆ ಕಾರು ಇಂಥ ದಿವಾನರದು ಎಂಬ ವಿವರವೂ ಅದರ ಕೆಳಗಿರುತ್ತದೆ. ಇದರಲ್ಲಿ ತಪ್ಪು ಹುಡುಕಬೇಕಾದ್ದೇನೂ ಇಲ್ಲ. ಹಳೆಯ ವಸ್ತುವನ್ನು ಪ್ರೀತಿಯಿಂದ ಕಾಪಾಡುವವರು ಯಾವ ಸಮಾಜಕ್ಕಾದರೂ ಬೇಕು.

ಆದರೆ ಆ ಸಾಲಿನಲ್ಲಿ ಲಾರಿ ಎಲ್ಲಿದೆ? ನಮ್ಮಲ್ಲಿ ಬಹುಪಾಲು ಜನರ ಅಜ್ಜಂದಿರು ಬ್ಯೂಕ್ ಕಾರಿನಲ್ಲಿ ಕೂತವರಲ್ಲ. ಅವರ ಮನೆಗೆ ಅಕ್ಕಿ, ಉಪ್ಪು, ಸೀಮೆಎಣ್ಣೆ ಬಂದದ್ದು ಲಾರಿಯಲ್ಲಿ. ಮನೆ ಕಟ್ಟುವಾಗ ಇಟ್ಟಿಗೆ, ಹಂಚು ಬಂದದ್ದು ಲಾರಿಯಲ್ಲಿ. ಬಡವರ ಮದುವೆಯ ದಿಬ್ಬಣ, ಜಾತ್ರೆಗೆ ಹೊರಟವರು, ಉರೂಸ್‌ಗೆ ಹೊರಟವರು ಎಲ್ಲರೂ ಲಾರಿಯ ಹಿಂಬದಿಯಲ್ಲಿ ಜಮಖಾನ ಹಾಸಿಕೊಂಡು ಕೂತು ಹೋದವರೇ. ಇಷ್ಟಾದರೂ ಲಾರಿ ಮುದಿಯಾದಾಗ ಅದಕ್ಕೆ ಮೆರವಣಿಗೆಯಿಲ್ಲ. ಅದು ನೇರವಾಗಿ ಗುಜರಿಗೆ ಹೋಗುತ್ತದೆ. ಕಥೆ ಬರೆಯುವ ನಾವೂ ಅದಕ್ಕೆ ಹೆಚ್ಚಿನ ನ್ಯಾಯವನ್ನೇನೂ ಸಲ್ಲಿಸಿಲ್ಲ. ನಮ್ಮ ಕಥೆಗಳಲ್ಲಿ ಲಾರಿ ಬರುವುದು ಹೆಚ್ಚಾಗಿ ಅಪಘಾತ ಮಾಡುವುದಕ್ಕೆ.

ಹಳೆಯ ಲಾರಿಗಳ ಮೇಲೆ ಮಮತೆಯಿರುವ ಕೆಲವರು ಒಟ್ಟಾಗಿ ಒಂದು ಸಾಲು ಹೊರಡಿಸಬೇಕೆಂದು ಬಯಸಿದರೆ ಅದಕ್ಕೆ ತಕ್ಕ ದಾರಿ ಯಾವುದು? ನಮ್ಮ ಉತ್ತರ, ಹಳೆಯ ಮದ್ರಾಸ್ ರಸ್ತೆ. ನಿಲ್ಲಬೇಕಾದ ಊರು, ಕೋಲಾರ ಮತ್ತು ಮುಳಬಾಗಿಲು ನಡುವಿನ ದೇವರಾಯಸಮುದ್ರ. ಏಕೆಂದು ತಿಳಿಯಲು ಈ ರಸ್ತೆಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಸಾಲು ಹೊರಡುವುದು ಹೊಸತಲ್ಲ

ದೇವರಾಯ ಎಂಬುದು ವಿಜಯನಗರದ ಅರಸರ ಹೆಸರು. ಸಮುದ್ರ ಎಂದರೆ ಈ ಸೀಮೆಯಲ್ಲಿ ಕೆರೆ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರದಲ್ಲಿ ಕೆರೆ ಕಟ್ಟಿಸಿದವರಿಗೆ ಅದು ಸಮುದ್ರದಂತೆಯೇ ಕಂಡಿದ್ದರೆ ಆಶ್ಚರ್ಯವಿಲ್ಲ. ಮುಳಬಾಗಿಲು ಎಂದರೆ ಮೂಡಲ ಬಾಗಿಲು, ಕನ್ನಡ ಸೀಮೆಯ ಪೂರ್ವದ ಹೆಬ್ಬಾಗಿಲು. ಈ ಬಾಗಿಲು ದಾಟಿ ನಂಗಲಿ, ಪಲಮನೇರು, ಮೊಗಿಲಿ ಘಾಟಿಯ ಮೂಲಕ ಇಳಿದರೆ ಚಿತ್ತೂರು, ವೆಲ್ಲೂರು, ಅಲ್ಲಿಂದ ಮದ್ರಾಸು. ಬಾಗಿಲಿದ್ದಲ್ಲಿ ಬಂದುಹೋಗುವವರಿರುತ್ತಾರೆ. ಮುಳಬಾಗಿಲಿನಲ್ಲಿ ಆಂಜನೇಯನ ಗುಡಿಯೂ ಇದೆ, ಹೈದರ್ ವಲಿಯವರ ದರ್ಗಾವೂ ಇದೆ. ದಾರಿಹೋಕರು ಎರಡು ಕಡೆಯೂ ಕೈ ಮುಗಿದು ಮುಂದೆ ಹೋಗುವುದು ಇಲ್ಲಿನ ವಾಡಿಕೆ.

ಮೋಟಾರು ಬರುವ ಮುಂಚೆ ಈ ದೇಶದ ಸರಕು ಸಾಗಿದ್ದು ಎತ್ತಿನ ಬೆನ್ನ ಮೇಲೆ. ಬಂಜಾರರು, ಅಂದರೆ ನಮ್ಮ ಲಂಬಾಣಿಗಳು, ಸಾವಿರಾರು ಹೇರೆತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ತಾಂಡಾ ಸಮೇತ ಸಾಗುತ್ತಿದ್ದರು. ಒಬ್ಬೊಬ್ಬರೇ ಹೋಗುವುದು ಅಪಾಯ, ಒಟ್ಟಾಗಿ ಹೋದರೆ ಕ್ಷೇಮ. ಮುಂದೆ ದಾರಿ ಬಲ್ಲವರು, ಹಿಂದೆ ಕುಂಟುವ ಎತ್ತುಗಳನ್ನು ನೋಡಿಕೊಳ್ಳುವವರು. ನೀರಿದ್ದಲ್ಲಿ ತಂಗುವುದು, ಬೆಳಕು ಹರಿಯುವ ಮೊದಲೇ ಹೊರಡುವುದು. ಇಂದು ವಾಹನಗಳ ಸಾಲನ್ನು ವ್ಯವಸ್ಥೆ ಮಾಡುವವರು ಇಂಗ್ಲಿಷ್ ಪುಸ್ತಕ ನೋಡಿ ಬರೆದುಕೊಳ್ಳುವ ನಿಯಮಗಳನ್ನೆಲ್ಲ ಅವರು ಯಾವ ಪುಸ್ತಕವೂ ಇಲ್ಲದೆ ಪಾಲಿಸುತ್ತಿದ್ದರು.

1791ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್‌ನ ಸೇನೆ ವೆಲ್ಲೂರಿನ ಕಡೆಯಿಂದ ಹೊರಟು ಮೊಗಿಲಿ ಘಾಟಿ ಹತ್ತಿ, ಮುಳಬಾಗಿಲು, ಕೋಲಾರ, ಹೊಸಕೋಟೆಗಳ ಮೇಲೆ ಹಾದು ಬೆಂಗಳೂರಿಗೆ ಬಂದದ್ದು ಇದೇ ದಾರಿಯಲ್ಲಿ. ಟಿಪ್ಪು ಸುಲ್ತಾನನ ವಿರುದ್ಧದ ಆ ಯುದ್ಧದ ಕಥೆಯಲ್ಲಿ ಕೋಟೆ, ಕತ್ತಿ, ಫಿರಂಗಿಗಳ ವಿಷಯ ನಮಗೆ ಗೊತ್ತು. ಎತ್ತುಗಳ ವಿಷಯ ಅಷ್ಟಾಗಿ ಗೊತ್ತಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದಿದ್ದ ಕಾರ್ನ್‌ವಾಲಿಸ್ ಹಿಂದಕ್ಕೆ ಹೋಗಬೇಕಾಯಿತು. ಎಳೆಯುವ ಎತ್ತುಗಳು ಸತ್ತಿದ್ದವು, ಸೈನಿಕರಿಗೆ ಊಟವಿರಲಿಲ್ಲ. ಹೊತ್ತು ತಂದ ದೊಡ್ಡ ಫಿರಂಗಿಗಳನ್ನು ಅವನೇ ನಾಶಪಡಿಸಿ ಹೊರಟ. ಮುಂದೆ ಅವನ ಸೇನೆಗೆ ಧಾನ್ಯ ತಂದುಕೊಟ್ಟವರಲ್ಲಿ ಬಂಜಾರರೂ ಇದ್ದರು. ಇತ್ತ ಮೈಸೂರಿನ ಬಲ ಇದ್ದದ್ದೂ ಅದರ ಎತ್ತುಗಳಲ್ಲೇ. ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಆ ತಳಿಯ ಹೆಸರು ಇಂದಿಗೂ ಉಳಿದಿದೆ. ಅವುಗಳನ್ನು ಹೊಡೆದುಕೊಂಡು ಹೋದವರಲ್ಲಿ ಒಬ್ಬನ ಹೆಸರನ್ನಾದರೂ ನಾವು ಹೇಳಬಲ್ಲೆವೇ?

1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂತು. ಅದು ಮುಳಬಾಗಿಲಿನ ದಾರಿ ಹಿಡಿಯಲಿಲ್ಲ. ಕುಪ್ಪಂ, ಬೌರಿಂಗ್‌ಪೇಟೆ, ಮಾಲೂರು ಮೂಲಕ ಹೋಯಿತು. ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. ಮುಂದೆ ಚಿನ್ನದ ಗಣಿಗೂ ರೈಲು ಬಂತು. 1913ರಲ್ಲಿ ಕೋಲಾರಕ್ಕೆ ಸಣ್ಣ ಗೇಜಿನ ಗಾಡಿ ಬಂತು. ಮುಳಬಾಗಿಲಿಗೆ ಮಾತ್ರ ರೈಲು ಬರಲಿಲ್ಲ. ಹಾಗಾಗಿ ಈ ಭಾಗದ ರಾಗಿ, ಕಡಲೆಕಾಯಿ, ಹುಣಿಸೆಹಣ್ಣು ಹೊರಗೆ ಹೋಗಬೇಕಾದರೂ, ಹೊರಗಿನ ಬಟ್ಟೆ, ಸಿಮೆಂಟು ಒಳಗೆ ಬರಬೇಕಾದರೂ ರಸ್ತೆಯೊಂದೇ ಗತಿ. ಮೊದಲು ಎತ್ತಿನ ಗಾಡಿ, ಆಮೇಲೆ ಲಾರಿ. ದೇವರಾಯಸಮುದ್ರದಂಥ ಊರಿಗೆ ಲಾರಿಯೇ ರೈಲು.

ಲಾರಿ ಬಂದ ಬಗೆ

ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿ 1928ರಲ್ಲಿ ಬೊಂಬಾಯಿಯಲ್ಲಿ ಜೋಡಣೆಯ ಕಾರ್ಖಾನೆ ತೆರೆಯಿತು. ಫೋರ್ಡ್ ಕೂಡ ಬಂತು. ಹೊರದೇಶದಿಂದ ಪೆಟ್ಟಿಗೆಗಳಲ್ಲಿ ಬಂದ ಭಾಗಗಳನ್ನು ಇಲ್ಲಿ ಜೋಡಿಸಿ ಷೆವರ್ಲೆ, ಫೋರ್ಡ್ ಲಾರಿಗಳನ್ನು ಮಾರುತ್ತಿದ್ದರು. ಎಲ್ಲವೂ ಪೆಟ್ರೋಲ್ ಗಾಡಿಗಳು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಇವುಗಳ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ, ಅದರಿಂದ ಬರುವ ಗ್ಯಾಸಿನಲ್ಲಿ ಓಡಿಸಿದರು. ಹಳಬರು ಇದ್ದಿಲ ಬಸ್ಸು, ಇದ್ದಿಲ ಲಾರಿ ಎಂದು ಹೇಳುತ್ತಿದ್ದದ್ದು ಇವನ್ನೇ. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕಾಗುತ್ತಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಲಾರಿಗಳು ಊರೂರಿಗೆ ಬಂದವು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ನಮ್ಮದೇ ಕಾರ್ಖಾನೆಗಳು ತಲೆಯೆತ್ತಿದವು. 1944ರಲ್ಲಿ ಸ್ಥಾಪನೆಯಾದ ಬೊಂಬಾಯಿಯ ಪ್ರೀಮಿಯರ್ ಕಂಪೆನಿ ಒಂದೇ ಲಾರಿಗೆ ಡಾಡ್ಜ್, ಫಾರ್ಗೊ, ಡಿಸೋಟೊ ಎಂಬ ಮೂರು ಹೆಸರು ಅಂಟಿಸಿ ಮಾರುತ್ತಿತ್ತು. ಹಿಂದೂಸ್ತಾನ್ ಮೋಟಾರ್ಸ್ ಬೆಡ್‌ಫೋರ್ಡ್ ತಯಾರಿಸಿತು. ಮದ್ರಾಸಿನ ಎಣ್ಣೂರಿನಲ್ಲಿ 1948ರಲ್ಲಿ ರಘುನಂದನ್ ಸರನ್ ತಮ್ಮ ಮಗ ಅಶೋಕನ ಹೆಸರಿನಲ್ಲಿ ಆರಂಭಿಸಿದ ಅಶೋಕ್ ಮೋಟಾರ್ಸ್, 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಅದರ ಕಾಮೆಟ್ ಲಾರಿ ದಕ್ಷಿಣದ ರಸ್ತೆಗಳನ್ನು ಆಳಿತು. 1954ರಲ್ಲಿ ಜಮ್‌ಶೆಡ್‌ಪುರದಿಂದ ಟಾಟಾ-ಮರ್ಸಿಡಿಸ್ ಹೊರಬಂತು. ಜರ್ಮನಿಯ ಕಂಪೆನಿಯೊಂದಿಗಿನ ಒಪ್ಪಂದ 1969ರಲ್ಲಿ ಮುಗಿದಾಗ ಲಾರಿಯ ಮುಖದಿಂದ ಮೂರು ಮೂಲೆಯ ನಕ್ಷತ್ರ ಹೋಗಿ ಟಾಟಾದ ಅಕ್ಷರ ಬಂತು. ಕೇವಲ ಜೋಡಣೆ ಮಾಡುವವರು ಬೇಡ, ಇಲ್ಲೇ ತಯಾರಿಸುವವರು ಬೇಕು ಎಂಬ ಸರಕಾರದ ನೀತಿಯಿಂದಾಗಿ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ 1950ರ ದಶಕದ ಮಧ್ಯದ ಹೊತ್ತಿಗೆ ದೇಶ ಬಿಟ್ಟಿದ್ದವು.

ಕಂಪೆನಿ ಹೋದರೂ ಅದರ ಲಾರಿ ಹೋಗಲಿಲ್ಲ. ಬಿಡಿಭಾಗ ಸಿಗದಿದ್ದಾಗ ನಮ್ಮ ಮೆಕ್ಯಾನಿಕ್‌ಗಳು ಷೆವರ್ಲೆಯ ಪೆಟ್ರೋಲ್ ಎಂಜಿನ್ ಇಳಿಸಿ, ಮದ್ರಾಸಿನ ಸಿಂಪ್ಸನ್ ಕಾರ್ಖಾನೆ ತಯಾರಿಸುತ್ತಿದ್ದ ಪರ್ಕಿನ್ಸ್ ಪಿ-6 ಡೀಸೆಲ್ ಎಂಜಿನ್ ಕೂರಿಸಿದರು. ಈ ಸಿಂಪ್ಸನ್ ಕಂಪೆನಿ 1840ರಲ್ಲಿ ಕುದುರೆ ಸಾರೋಟು ಕಟ್ಟುವುದರಿಂದ ಕೆಲಸ ಆರಂಭಿಸಿದ್ದು ಎಂಬುದನ್ನೂ ಇಲ್ಲಿ ನೆನೆಯಬಹುದು. ಒಂದು ಕಂಪೆನಿಯ ಚಾಸಿ, ಇನ್ನೊಂದರ ಎಂಜಿನ್, ಮತ್ತೊಂದರ ಗೇರ್‌ಬಾಕ್ಸ್. ಹೀಗೆ ಹುಟ್ಟಿದ ಮಿಶ್ರ ಸಂತಾನಗಳೇ ಎರಡು ತಲೆಮಾರಿಗೆ ಅನ್ನ ಹೊತ್ತು ತಂದವು.

ಕೈಗಳ ಚರಿತ್ರೆ

ಕಾರು ಕಾರ್ಖಾನೆಯಿಂದ ಪೂರ್ಣವಾಗಿ ಹೊರಬರುತ್ತದೆ. ನಮ್ಮ ಕಾಲದ ಲಾರಿ ಹಾಗಲ್ಲ. ಕಾರ್ಖಾನೆ ಕೊಡುತ್ತಿದ್ದದ್ದು ಚಾಸಿ ಮಾತ್ರ: ನಾಲ್ಕೋ ಆರೋ ಚಕ್ರ, ಎಂಜಿನ್, ಸ್ಟಿಯರಿಂಗ್. ಬಾಗಿಲಿಲ್ಲ, ಮಾಡಿಲ್ಲ, ಗಾಜಿಲ್ಲ. ಮರದ ಹಲಗೆಯ ಮೇಲೆ ಕೂತು, ತಲೆಗೆ ಟವೆಲ್ ಬಿಗಿದು, ಕಣ್ಣಿಗೆ ಕನ್ನಡಕ ಹಾಕಿಕೊಂಡ ಚಾಲಕರು ಆ ಬೆತ್ತಲೆ ಚಾಸಿಗಳನ್ನು ನೂರಾರು ಮೈಲಿ ಸಾಲಾಗಿ ಓಡಿಸಿಕೊಂಡು ಬರುತ್ತಿದ್ದರು. ಮದ್ರಾಸ್ ರಸ್ತೆಯ ಬದಿಯ ಊರುಗಳಲ್ಲಿ ಬೆಳೆದವರಿಗೆ ಈ ದೃಶ್ಯ ಪರಿಚಿತ. ಬಿಸಿಲು, ಮಳೆ, ಧೂಳು ಎಲ್ಲವೂ ಎದೆಗೆ. ಮೋಟಾರು ಯುಗದಲ್ಲಿ ನಮ್ಮ ರಸ್ತೆಗಳು ಕಂಡ ಮೊದಲ ಸಾಮೂಹಿಕ ಚಾಲನೆ ಯಾವುದೆಂದು ಕೇಳಿದರೆ ನಾವು ತೋರಿಸಬೇಕಾದ್ದು ಈ ಚಾಸಿ ಚಾಲಕರನ್ನು. ಅವರು ಹವ್ಯಾಸಕ್ಕಾಗಿ ಹೊರಟವರಲ್ಲ, ದಿನಗೂಲಿಗಾಗಿ ಹೊರಟವರು.

ಚಾಸಿ ಊರು ಸೇರಿದ ಮೇಲೆ ಬಡಗಿ, ಕಮ್ಮಾರ, ಪೇಂಟರ್ ಸೇರಿ ಅದಕ್ಕೆ ಬಾಡಿ ಕಟ್ಟುತ್ತಿದ್ದರು. ಮರದ ಕ್ಯಾಬಿನ್, ಮಲಗುವ ಹಲಗೆ, ಬಾಗಿಲ ಮೇಲೆ ಹೂಬಳ್ಳಿ, ಹಿಂದೆ ಒಂದು ಬುದ್ಧಿಮಾತು. ಹಣೆಯ ಮೇಲೆ ಒಬ್ಬರಿಗೆ 786, ಇನ್ನೊಬ್ಬರಿಗೆ ವೆಂಕಟರಮಣನ ನಾಮ; ಕೆಳಗೆ ಎಲ್ಲರಿಗೂ ಒಂದೇ ನಿಂಬೆಹಣ್ಣು, ಮೆಣಸಿನಕಾಯಿ. ಆಯುಧಪೂಜೆಗೆ ಲಾರಿ ತೊಳೆಯುವುದರಲ್ಲಿ ಸಾಬರ ಗ್ಯಾರೇಜೂ ಒಂದೇ, ಗೌಡರ ಗ್ಯಾರೇಜೂ ಒಂದೇ. ಈ ರಸ್ತೆಯ ಚಾಲಕನಿಗೆ ಕನ್ನಡ, ತೆಲುಗು, ತಮಿಳು, ದಖ್ಖನಿ ನಾಲ್ಕೂ ಬರುತ್ತಿದ್ದವು. ಯಾವ ಶಾಲೆಯೂ ಅವನಿಗೆ ಅವನ್ನು ಕಲಿಸಿರಲಿಲ್ಲ.

ಕಲಿಕೆಯ ದಾರಿ ಬೇರೆಯೇ ಇತ್ತು. ಓದು ಬಿಟ್ಟ ಹುಡುಗ ಕ್ಲೀನರ್ ಆಗಿ ಸೇರುತ್ತಾನೆ. ಚಳಿಯ ಬೆಳಿಗ್ಗೆ ಹ್ಯಾಂಡಲ್ ಹೊಡೆಯುತ್ತಾನೆ, ರೇಡಿಯೇಟರಿಗೆ ಕೆರೆಯ ನೀರು ತರುತ್ತಾನೆ, ಹಗ್ಗ ಬಿಗಿಯುತ್ತಾನೆ, ಟಾರ್ಪಾಲು ಹೊದಿಸುತ್ತಾನೆ. ಚಾಲಕ ಅವನಿಗೆ ಉಸ್ತಾದ್. ವರ್ಷಗಳ ನಂತರ ಒಂದು ರಾತ್ರಿ, ರಸ್ತೆ ಖಾಲಿಯಿದ್ದಾಗ, ಉಸ್ತಾದ್ ಅವನ ಕೈಗೆ ಸ್ಟಿಯರಿಂಗ್ ಕೊಡುತ್ತಾನೆ. ಗ್ಯಾರೇಜಿನಲ್ಲೂ ಅದೇ ಉಸ್ತಾದ್-ಶಾಗಿರ್ದ್ ಪದ್ಧತಿ. ಎಂಜಿನ್ನಿನ ಸದ್ದು ಕೇಳಿಯೇ ಯಾವ ನಾಸಲ್ ಕೆಟ್ಟಿದೆಯೆಂದು ಹೇಳುವ ಜ್ಞಾನ ಪುಸ್ತಕದಲ್ಲಿ ಇರಲಿಲ್ಲ, ಕಿವಿಯಲ್ಲಿ ಇತ್ತು. ಬೆಂಗಳೂರಿನ ಕಲಾಸಿಪಾಳ್ಯ, ಶಿವಾಜಿನಗರದ ಗುಜರಿಯಿಂದ ಹಿಡಿದು ಕೋಲಾರ, ಮುಳಬಾಗಿಲಿನ ರಸ್ತೆಬದಿಯ ಶೆಡ್‌ಗಳ ತನಕ ಈ ಜ್ಞಾನದ ದೊಡ್ಡ ಪಾಲು ಮುಸ್ಲಿಂ ಕೆಲಸಗಾರರ ಕೈಯಲ್ಲಿತ್ತು. 2006ರಲ್ಲಿ ಬಂದ ಸಾಚಾರ್ ಸಮಿತಿಯ ವರದಿ ಕೂಡ ಸ್ವಂತ ದುಡಿಮೆಯ ಮುಸ್ಲಿಮರು ರಸ್ತೆ ಸಾರಿಗೆ ಮತ್ತು ವಾಹನ ದುರಸ್ತಿಯಂಥ ಕಸುಬುಗಳಲ್ಲಿ ಹೆಚ್ಚಾಗಿರುವುದನ್ನು ಗುರುತಿಸಿತು. ಸರಕಾರಿ ನೌಕರಿಯ ಬಾಗಿಲು ಕಿರಿದಾಗಿದ್ದಾಗ ಗ್ಯಾರೇಜಿನ ಬಾಗಿಲು ತೆರೆದಿತ್ತು ಎಂಬುದು ಅದರ ಹಿಂದಿನ ಸತ್ಯ. ಆ ಬಾಗಿಲು ಮುಸ್ಲಿಮರಿಗೆ ಮಾತ್ರ ತೆರೆದಿರಲಿಲ್ಲ ಎಂಬುದನ್ನೂ ಸೇರಿಸಬೇಕು. ದಲಿತರ ಮತ್ತು ಹಿಂದುಳಿದವರ ಮಕ್ಕಳೂ ಅದೇ ಗ್ರೀಸಿನಲ್ಲಿ ಕೈ ಕಪ್ಪು ಮಾಡಿಕೊಂಡವರು.

ಈ ಬದುಕನ್ನು ನಾವು ಅಂದಗಾಣಿಸಿ ಹೇಳಬಾರದು. ಎಂಜಿನ್ನಿನ ಬಿಸಿ ಚಾಲಕನ ಮೊಣಕಾಲಿಗೇ ತಾಗುತ್ತಿತ್ತು. ಪವರ್ ಸ್ಟಿಯರಿಂಗ್ ಇರಲಿಲ್ಲ. ತುಂಬಿದ ಲಾರಿಯನ್ನು ತಿರುಗಿಸಿ ತಿರುಗಿಸಿ ನಲವತ್ತಕ್ಕೇ ಭುಜ ಬೀಳುತ್ತಿತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ ಎಂದು ಹೇಳಿತು. ಆದರೆ ಅದು ಅನ್ವಯವಾದದ್ದು 5 ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ. ಒಂದು ಲಾರಿ, ಒಬ್ಬ ಚಾಲಕ, ಒಬ್ಬ ಕ್ಲೀನರ್ ಎಂಬ ಲೆಕ್ಕದ ಮಾಲೀಕರ ಹತ್ತಿರ ದುಡಿದವರಿಗೆ ಆ ಕಾಯಿದೆಯ ನೆರಳೂ ಬೀಳಲಿಲ್ಲ. ಚಾಲಕನ ಕ್ಯಾಬಿನ್ನಿಗೆ ತಂಪು ಯಂತ್ರ ಕಡ್ಡಾಯವೆಂದು ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿದ್ದು 2023ರ ಡಿಸೆಂಬರಿನಲ್ಲಿ. ಅದು 2025ರ ಅಕ್ಟೋಬರ್ 1ರಿಂದ ತಯಾರಾದ ಲಾರಿಗಳಿಗೆ ಅನ್ವಯ. ಎಣ್ಣೂರಿನ ಮೊದಲ ಕಾಮೆಟ್‌ನಿಂದ ಅಲ್ಲಿಗೆ ಎಷ್ಟು ದಶಕಗಳಾದವೆಂದು ಓದುಗರೇ ಲೆಕ್ಕ ಹಾಕಲಿ.

ಅಸಲು ಯಾವುದು?

ಇಂಗ್ಲೆಂಡಿನಲ್ಲಿ ಮೋಟಾರು ಗಾಡಿಯ ಮುಂದೆ ಒಬ್ಬ ಮನುಷ್ಯ ನಡೆದು ಹೋಗಬೇಕೆಂಬ ಕಾನೂನು ಒಂದು ಕಾಲಕ್ಕೆ ಇತ್ತು. ಆ ಬಗೆಯ ಕಟ್ಟುಪಾಡು ಹೋದ ಸಂತೋಷಕ್ಕೆ 1896ರ ನವೆಂಬರ್ 14ರಂದು ಹಲವು ಗಾಡಿಗಳು ಲಂಡನ್ನಿನಿಂದ ಬ್ರೈಟನ್‌ಗೆ ಸಾಲಾಗಿ ಹೊರಟವು. 1927ರಿಂದ ಅದರ ನೆನಪಿನ ಓಟ ನಡೆಯಿತು. ನಮ್ಮಲ್ಲಿ ದೆಹಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆ 1964ರಲ್ಲಿ ಹಳೆಯ ಕಾರುಗಳ ರ‍್ಯಾಲಿ ಆರಂಭಿಸಿತು. ಕರ್ನಾಟಕದಲ್ಲಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹ ಹೆಸರಾದದ್ದು. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಎಂಬ ಸಂಗ್ರಹಾಲಯವನ್ನು ಜನ ಸಾಲುಗಟ್ಟಿ ನೋಡುತ್ತಾರೆ.

ಲಾರಿಗಳಿಗಾಗಿಯೇ ಇಂಥದ್ದನ್ನು ಮಾಡಿದವರೂ ಲೋಕದಲ್ಲಿದ್ದಾರೆ. ಇಂಗ್ಲೆಂಡಿನಲ್ಲಿ ಹಳೆಯ ವಾಣಿಜ್ಯ ವಾಹನಗಳ ಕ್ಲಬ್ಬೊಂದು 1958ರಲ್ಲಿ ಹುಟ್ಟಿ, 1962ರಿಂದ ಲಂಡನ್-ಬ್ರೈಟನ್ ದಾರಿಯಲ್ಲಿ ಹಳೆಯ ಲಾರಿ, ಬಸ್ಸು, ವ್ಯಾನುಗಳ ಓಟ ನಡೆಸತೊಡಗಿತು. ಅಮೆರಿಕದಲ್ಲಿ ಟ್ರಕ್ ಇತಿಹಾಸಕ್ಕಾಗಿಯೇ 1971ರಲ್ಲಿ ಒಂದು ಸಂಘ ಸ್ಥಾಪನೆಯಾಯಿತು. ನೆರೆಯ ಪಾಕಿಸ್ತಾನದ ಬಣ್ಣದ ಬೆಡ್‌ಫೋರ್ಡ್ ಲಾರಿಗಳನ್ನು ಜಗತ್ತೇ ಗುರುತಿಸಿದೆ; 2002ರಲ್ಲಿ ಕರಾಚಿಯ ಲಾರಿ ಚಿತ್ರಗಾರ ಹೈದರ್ ಅಲಿಯವರನ್ನು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಜಾನಪದ ಉತ್ಸವಕ್ಕೆ ಕರೆಸಿ, ಅಲ್ಲಿಯ ಜನರೆದುರೇ ಲಾರಿಗೆ ಬಣ್ಣ ಬಳಿಸಿದರು.

ನಮ್ಮಲ್ಲಿ ಏನಾಯಿತು? 2021ರ ಜುಲೈಯಲ್ಲಿ ಕೇಂದ್ರ ಸರಕಾರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ಅಧ್ಯಾಯ ಸೇರಿಸಿತು. 50 ವರ್ಷ ದಾಟಿದ ವಾಹನಕ್ಕೆ ಪ್ರತ್ಯೇಕ ನೋಂದಣಿ, ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದ ಕಾರಣಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಒಳ್ಳೆಯ ನಿಯಮವೇ. ಆದರೆ ಅದರ ಒಳಗಿನ ವ್ಯಾಖ್ಯೆ ನೋಡಿ. ವಿಂಟೇಜ್ ಎನ್ನಿಸಿಕೊಳ್ಳುವುದು ದ್ವಿಚಕ್ರ ವಾಹನ ಅಥವಾ ಪ್ರಯಾಣಿಕರ ಕಾರು. ಅದು ವ್ಯಾಪಾರಕ್ಕಲ್ಲದೆ ಸ್ವಂತಕ್ಕೆ ಬಳಕೆಯಾದದ್ದಾಗಿರಬೇಕು. ಮೂಲ ರೂಪದಲ್ಲೇ ಇರಬೇಕು; ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು.

ಈ ಮೂರು ಷರತ್ತುಗಳಲ್ಲಿ ಲಾರಿ ಮೂರು ಸಲ ಬಿದ್ದುಹೋಗುತ್ತದೆ. ಅದು ಸರಕು ವಾಹನ. ಅದು ದುಡಿಮೆಗೇ ಹುಟ್ಟಿದ್ದು. ಇನ್ನು ಮೂಲ ರೂಪ? ಬೆತ್ತಲೆ ಚಾಸಿಯಾಗಿ ಬಂದು, ಊರ ಬಡಗಿಯ ಕೈಯಲ್ಲಿ ಮೈ ಪಡೆದು, ಎಂಜಿನ್ ಬದಲಿಸಿಕೊಂಡು, ಎರಡು ಸಲ ಮಗುಚಿ ಮೂರನೆಯ ಸಲ ಬಾಡಿ ಕಟ್ಟಿಸಿಕೊಂಡ ಲಾರಿಗೆ ಮೂಲ ರೂಪ ಯಾವುದು? ಅರಮನೆಯ ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿದ್ದ ಕಾರು ಕೆಡದೆ ಉಳಿಯಿತು, ಆದ್ದರಿಂದ ಅದು ಅಸಲು. ದುಡಿದು ಸವೆದದ್ದು ನಕಲು. ಇದು ವಾಹನಗಳ ವಿಷಯಕ್ಕೆ ಮಾತ್ರ ಅನ್ವಯವಾಗುವ ತರ್ಕವಲ್ಲ. ನಮ್ಮ ಚರಿತ್ರೆ ಬರವಣಿಗೆಯಲ್ಲೇ ಈ ತರ್ಕವಿದೆ. ದಾಖಲೆ ಉಳಿಸಿಕೊಂಡ ಮನೆತನಗಳಿಗೆ ಚರಿತ್ರೆಯಿದೆ. ದಿನವೂ ಬದಲಾಗುತ್ತ, ಸಿಕ್ಕಿದ್ದರಲ್ಲಿ ತೇಪೆ ಹಾಕುತ್ತ ಬದುಕಿದವರಿಗೆ ಇಲ್ಲ. ಲಾರಿಯ ಚರಿತ್ರೆ ಇರುವುದೇ ಅದರ ತೇಪೆಗಳಲ್ಲಿ. ಅದನ್ನು ಕಳಚಿ ಹೊಳಪು ಕೊಟ್ಟರೆ ಉಳಿಯುವುದು ಕಂಪೆನಿಯ ಜಾಹೀರಾತು ಮಾತ್ರ.

ಹಳೆಯ ಲಾರಿಗಳೆಲ್ಲ ಬಾಡಿಗೆಗೆ ಓಡುತ್ತಲೇ ಇರಲಿ ಎಂದು ನಾವು ಹೇಳುತ್ತಿಲ್ಲ. ಬ್ರೇಕ್ ಸತ್ತ ಲಾರಿ ಜೀವ ತೆಗೆಯುತ್ತದೆ. ಅದರ ಹೊಗೆ ಮಕ್ಕಳ ಎದೆ ಸೇರುತ್ತದೆ. ಹಳೆಯ ವಾಹನಗಳನ್ನು ಪರೀಕ್ಷಿಸಿ, ಆಗದವನ್ನು ಗುಜರಿಗೆ ಕಳಿಸುವ ನೀತಿಗೆ ಕಾರಣಗಳಿವೆ. ನಮ್ಮ ಮಾತು ಇಷ್ಟೇ: ಸಾವಿರ ಲಾರಿಗಳು ಗುಜರಿಗೆ ಹೋಗುವಾಗ ಹತ್ತನ್ನಾದರೂ, ಅವುಗಳ ತೇಪೆಗಳ ಸಮೇತ, ಉಳಿಸಿಕೊಳ್ಳುವ ದಾರಿ ಕಾನೂನಿನಲ್ಲಿ ಇರಬೇಕು.

ದೇವರಾಯಸಮುದ್ರದ ತನಕ ಒಂದು ಸಾಲು

ಹಾಗಿದ್ದರೆ ಆಸಕ್ತರು ಏನು ಮಾಡಬಹುದು? ಲಂಡನ್ನಿನಿಂದ ಬ್ರೈಟನ್‌ಗೆ ಸುಮಾರು 60 ಮೈಲಿ. ಬೆಂಗಳೂರಿನಿಂದ ಮುಳಬಾಗಿಲಿಗೂ ಹೆಚ್ಚುಕಡಿಮೆ ಅಷ್ಟೇ ದೂರ. ಹಿಂದೆ ನಾಲ್ಕನೆಯ ನಂಬರಿನ ಹೆದ್ದಾರಿ ಎನ್ನುತ್ತಿದ್ದ ಈ ರಸ್ತೆ ಈಗ 75ನೆಯ ರಾಷ್ಟ್ರೀಯ ಹೆದ್ದಾರಿ. ಮಾಲೂರು, ಬಂಗಾರಪೇಟೆ ಕಡೆಯಿಂದ ಹಾದುಹೋಗುವ ಹೊಸ ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಹೊಸಕೋಟೆ-ಬೇತಮಂಗಲ ಭಾಗ 2024ರ ಕೊನೆಯಲ್ಲಿ ಸಂಚಾರಕ್ಕೆ ತೆರೆಯಿತು. ರೈಲಿನಂತೆ ಅದೂ ಮುಳಬಾಗಿಲನ್ನು ಬದಿಗಿಟ್ಟೇ ಹೋಗಿದೆ. ಹಳೆಯ ದಾರಿಯನ್ನು ನೆನೆಯಲು ಇದಕ್ಕಿಂತ ತಕ್ಕ ಹೊತ್ತು ಯಾವುದು?

ಮೊದಲು ಲಾರಿಗಳನ್ನು ಹುಡುಕಬೇಕು. ಅವು ಸಂಗ್ರಹಕಾರರ ಹತ್ತಿರ ಇರುವುದು ಕಡಿಮೆ. ಇಟ್ಟಿಗೆ ಗೂಡುಗಳಲ್ಲಿ, ಕಲ್ಲು ಕ್ವಾರಿಗಳಲ್ಲಿ, ತೋಟಗಳ ಮೂಲೆಯಲ್ಲಿ, ಬೋರ್‌ವೆಲ್ ಕೊರೆಯುವ ಯಂತ್ರದ ಅಡಿಯಲ್ಲಿ, ನೀರಿನ ಟ್ಯಾಂಕರ್ ರೂಪದಲ್ಲಿ ಸಿಗಬಹುದು. ಸಾವಿರ ಅಡಿ ಕೊರೆದರೂ ನೀರು ಕಾಣದ ಕೋಲಾರದ ಬರಗಾಲಗಳಲ್ಲಿ ಮುದಿ ಲಾರಿಗಳೇ ಟ್ಯಾಂಕರ್‌ಗಳಾಗಿ ಊರಿಗೆ ಕುಡಿಯುವ ನೀರು ಕೊಟ್ಟಿವೆ.

ಎರಡನೆಯದು ಕಾಗದಪತ್ರ. ಆರ್‌ಸಿ, ವಿಮೆ, ಎಫ್‌ಸಿ ಸರಿಯಿರುವ ಲಾರಿಗಳು ಮಾತ್ರ ತಮ್ಮ ಕಾಲಿನ ಮೇಲೆ ಬರಲಿ. ಉಳಿದವು ಟ್ರೇಲರ್ ಮೇಲೆ ಬಂದು ನಿಂತರೂ ಸಾಕು, ಅದರಲ್ಲಿ ಅವಮಾನವಿಲ್ಲ. ಪೊಲೀಸರಿಗೂ ಸಾರಿಗೆ ಕಚೇರಿಗೂ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ದೇವರಾಯಸಮುದ್ರದಲ್ಲೋ, ಹೆಚ್ಚೆಂದರೆ ಮುಳಬಾಗಿಲಿನಲ್ಲೋ ನಿಲ್ಲಿಸಿದರೆ ರಾಜ್ಯದ ಗಡಿ ದಾಟುವ ಪರ್ಮಿಟ್ಟಿನ ತೊಡಕಿಲ್ಲ. ಮೊಗಿಲಿ ಘಾಟಿ ಇಳಿಸುವ ಸಾಹಸವಂತೂ ಬೇಡವೇ ಬೇಡ.

ಮೂರನೆಯದು ಓಡಿಸುವ ಕ್ರಮ. ಫಜರ್ ನಮಾಜಿನ ಹೊತ್ತಿಗೆ, ಹೆದ್ದಾರಿ ಇನ್ನೂ ಬಿಡುವಾಗಿರುವಾಗ ಹೊರಡಬೇಕು. ಎಲ್ಲಕ್ಕಿಂತ ನಿಧಾನದ ಲಾರಿ ಎಲ್ಲಕ್ಕಿಂತ ಮುಂದಿರಲಿ. ಗಂಟೆಗೆ 40 ಕಿಲೋಮೀಟರ್ ಸಾಕು. ಎರಡು ಲಾರಿಗಳ ನಡುವೆ ಬೇರೆ ವಾಹನಗಳು ನುಸುಳಿ ಹೋಗುವಷ್ಟು ಅಂತರವಿರಲಿ. ಕೊನೆಯಲ್ಲಿ ಮೆಕ್ಯಾನಿಕ್, ಸ್ಟೆಪ್ನಿ, ಜಾಕು, ನೀರಿನ ಕ್ಯಾನುಗಳಿರುವ ವಾಹನ ಬರಲಿ. 20-25 ಕಿಲೋಮೀಟರಿಗೊಮ್ಮೆ ನಿಲ್ಲಿಸಿ, ರೇಡಿಯೇಟರ್ ಆರಿಸಿ, ಹಳೆಯ ಚಾಲಕರು ಮಾಡುತ್ತಿದ್ದಂತೆ ಚಕ್ರದ ಡ್ರಮ್ಮನ್ನು ಅಂಗೈಯಿಂದ ಮುಟ್ಟಿ ಬಿಸಿ ನೋಡಬೇಕು. ಕೆಟ್ಟು ನಿಂತ ಲಾರಿಯ ಹಿಂದೆ ಕಲ್ಲು, ಹಸಿರು ಕೊಂಬೆ ಇಡುವ ಹಳೆಯ ಪದ್ಧತಿಯ ಬದಲು ಪ್ರತಿಫಲನ ಫಲಕ ಇಡಬೇಕು. ಎಷ್ಟೋ ಜೀವಗಳು ಹೋದದ್ದು ಹೊರಟ ಮೇಲೆ ತೆಗೆಯದೆ ಬಿಟ್ಟ ಆ ಕಲ್ಲುಗಳಿಂದ. ಒಂದು ನಿಂತರೆ ಎಲ್ಲವೂ ನಿಲ್ಲಬೇಕು. ಇದು ಪಂದ್ಯವಲ್ಲ, ಗೆದ್ದವರಿಗೆ ಬಟ್ಟಲಿಲ್ಲ.

ನಾಲ್ಕನೆಯದೇ ಮುಖ್ಯ. ಪ್ರತಿ ಲಾರಿಯಲ್ಲೂ, ಮಾಲೀಕನ ಪಕ್ಕದಲ್ಲಿ, ಆ ಕಾಲದ ಒಬ್ಬ ಚಾಲಕ, ಮೆಕ್ಯಾನಿಕ್ ಅಥವಾ ಕ್ಲೀನರ್ ಕೂತಿರಬೇಕು. ಲಾರಿಯ ಮುಂದಿನ ಫಲಕದಲ್ಲಿ ಕಂಪೆನಿಯ ಹೆಸರು, ಇಸವಿಗಳ ಜೊತೆಗೆ ಬಾಡಿ ಕಟ್ಟಿದವರು ಯಾರು, ಎಂಜಿನ್ ಬದಲಿಸಿದ್ದು ಯಾವ ಗ್ಯಾರೇಜು, ಓಡಿಸಿದವರು ಯಾರ್ಯಾರು, ಅವರಿಗೆ ಕಲಿಸಿದ ಉಸ್ತಾದ್ ಯಾರು ಎಂಬುದನ್ನೂ ಬರೆಯಬೇಕು. ದೇವರಾಯಸಮುದ್ರದಲ್ಲಿ ಲಾರಿಗಳು ನಿಂತಾಗ ಶಾಲೆಯ ಮಕ್ಕಳು ನೋಟ್‌ಬುಕ್ ಹಿಡಿದು ಬಂದು ಆ ಹಿರಿಯರ ಮಾತನ್ನು ಬರೆದುಕೊಳ್ಳಲಿ. ಟೊಮೆಟೊ ಕೊಳೆಯುವ ಮೊದಲು ದೂರದ ಊರು ಮುಟ್ಟಿಸಬೇಕಾದ ಆತುರ ಎಂಥದ್ದೆಂದು ಎನ್. ವಡ್ಡಹಳ್ಳಿ ಮಾರುಕಟ್ಟೆಗೆ ಮಾಲು ಹಾಕುವ ಮನೆಗಳ ಮಕ್ಕಳಿಗೆ ಬೇರೆ ಹೇಳಬೇಕಿಲ್ಲ. ಆ ಆತುರವನ್ನು ನಿದ್ದೆಗೆಟ್ಟು ಹೊತ್ತವರು ಯಾರೆಂಬುದು ಅವರಿಗೆ ತಿಳಿಯಲಿ. ಚಾಲಕರ ಮನೆಯ ಹೆಂಗಸರನ್ನೂ ಮಾತಾಡಿಸಬೇಕು. ಗಂಡ ಯಾವ ಊರಲ್ಲಿದ್ದಾನೆಂದು ತಿಳಿಯದ ರಾತ್ರಿಗಳಲ್ಲಿ ಮಕ್ಕಳನ್ನು ಸಾಕಿ, ಸಾಲ ತೀರಿಸಿ ಸಂಸಾರ ನಡೆಸಿದವರು ಅವರು. ಲಾರಿಯ ಚರಿತ್ರೆಯ ಅರ್ಧ ಭಾಗ ರಸ್ತೆಯಲ್ಲಿದ್ದರೆ ಇನ್ನರ್ಧ ಆ ಮನೆಗಳಲ್ಲಿದೆ.

ಇದಕ್ಕೆಲ್ಲ ದೊಡ್ಡ ಹಣ ಬೇಕಿಲ್ಲ. ಊರಿನ ಶಾಲೆ, ಲಾರಿ ಮಾಲೀಕರು, ಗ್ಯಾರೇಜಿನವರು, ಚರಿತ್ರೆಯ ಅಧ್ಯಾಪಕರು ಮನಸ್ಸು ಮಾಡಿದರೆ ಸಾಕು. ವಿಂಟೇಜ್ ನಿಯಮದೊಳಗೆ ಸರಕು ವಾಹನಕ್ಕೂ ಜಾಗ ಕೊಡಿ ಎಂದು ಸರಕಾರವನ್ನು ಕೇಳುವ ಕೆಲಸವನ್ನೂ ಅವರೇ ಒಟ್ಟಾಗಿ ಮಾಡಬಹುದು. ಆದರೆ ನಿಯಮ ಬದಲಾಗಲೆಂದು ಕಾಯುತ್ತ ಕೂರುವಂತಿಲ್ಲ. ಕಾಮೆಟ್, ಫಾರ್ಗೊ ಓಡಿಸಿದವರಲ್ಲಿ ಉಳಿದಿರುವವರಿಗೆ ಈಗ ಎಂಬತ್ತರ ಆಸುಪಾಸು. ಲಾರಿ ಸಿಗದಿದ್ದರೂ ಚಿಂತೆಯಿಲ್ಲ. ಒಂದು ಬಾಡಿಗೆ ವ್ಯಾನಿನಲ್ಲಿ ಆ ಹಿರಿಯರನ್ನು ಕೂರಿಸಿಕೊಂಡು ಮದ್ರಾಸ್ ರಸ್ತೆಯಲ್ಲಿ ಒಮ್ಮೆ ನಿಧಾನವಾಗಿ ಹೋಗಿ ಬನ್ನಿ. ಯಾವ ತಿರುವಿನಲ್ಲಿ ಏನು ನಡೆಯಿತೆಂದು ಅವರು ಹೇಳುತ್ತಾರೆ. ಬರೆದುಕೊಳ್ಳುವವರೊಬ್ಬರು ಜೊತೆಗಿರಲಿ.